ಗಾಲ್ಫ್ ಅಭ್ಯಾಸದ ಟೀ ನೆಲ ಕಲ್ಲಾಗಿದೆ: ಮುಳ್ಳು ರೋಲರ್ ಸಾಕೇ, ಮಣ್ಣನ್ನೇ ತೆಗೆಯಬೇಕೇ?

ಹೊಸೂರಿನ ಹುಲ್ಲುಹಾಸು

ಗಡಿನಾಡಿನ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಹೊಸೂರಿನ ಹೊರವಲಯದ ಒಂದು ಗಾಲ್ಫ್ ಮೈದಾನದಲ್ಲಿ ಹುಲ್ಲುಹಾಸಿನ ಮೇಲ್ವಿಚಾರಣೆ ನನ್ನದು. ಆಟದ ಅಂಗಳಕ್ಕಿಂತ ಈಗ ಹೆಚ್ಚು ಚಿಂತೆ ತಂದಿರುವುದು ಅಭ್ಯಾಸದ ಜಾಗ, ಅಂದರೆ ಡ್ರೈವಿಂಗ್ ರೇಂಜಿನಲ್ಲಿ ಆಟಗಾರರು ಸಾಲಾಗಿ ನಿಂತು ಚೆಂಡು ಹೊಡೆಯುವ ಸುಮಾರು 1,200 ಚದರ ಮೀಟರಿನ ಟೀ. ಅಂಗಳದ ಟೀಯ ಮೇಲೆ ಆಟಗಾರ ಒಂದೆರಡು ನಿಮಿಷ ನಿಂತು ಮುಂದೆ ಹೋಗುತ್ತಾನೆ; ಇಲ್ಲಿ ಚೆಂಡಿನ ಬುಟ್ಟಿ ಖಾಲಿಯಾಗುವವರೆಗೂ ಕದಲುವುದಿಲ್ಲ, ಅವನು ಹೋದ ಕೂಡಲೇ ಇನ್ನೊಬ್ಬ ಬಂದು ಅದೇ ಹೆಜ್ಜೆಗಳ ಮೇಲೆ ನಿಲ್ಲುತ್ತಾನೆ.

ನೆಲ ಇಲ್ಲಿನ ಕೆಂಪು ಮಣ್ಣು, ಹುಲ್ಲು ಟಿಫ್‌ವೇ 419, ಅಂದರೆ ಗರಿಕೆಯ ಮಿಶ್ರತಳಿ. ಸ್ಪ್ರಿಂಕ್ಲರ್ ಬಿಟ್ಟ ಸ್ವಲ್ಪ ಹೊತ್ತಿಗೇ ನೀರು ಇಂಗದೆ ಚರಂಡಿಯ ಕಡೆಗೆ ಹರಿಯತೊಡಗುತ್ತದೆ. ಒಂದು ಹಿಡಿ ಹುಲ್ಲನ್ನು ಮಣ್ಣಿನ ಸಮೇತ ಕತ್ತರಿಸಿ ಎತ್ತಿದರೆ, ಬೇರುಗಳು ಎರಡು ಬೆರಳಗಲ ಇಳಿದು ಅಲ್ಲಿಂದ ಅಡ್ಡಕ್ಕೆ ತಿರುಗಿರುವುದು ಕಾಣುತ್ತದೆ. ಗರಿಕೆ ತೆಳುವಾದ ಕಡೆಯೆಲ್ಲ ಕಾಡುರಾಗಿ ಎದ್ದಿದೆ. ರಾಗಿಯ ಬಳಗಕ್ಕೇ ಸೇರಿದ ಈ ಕಳೆ ತುಳಿದು ಗಟ್ಟಿಯಾದ ನೆಲದಲ್ಲೇ ಸೊಕ್ಕಿ ಬೆಳೆಯುತ್ತದೆ ಎಂಬುದು ಗೊತ್ತಿರುವವರಿಗೆ ಗೊತ್ತು.

ನಮ್ಮ ವ್ಯವಸ್ಥಾಪಕರ ಪ್ರಕಾರ ವಾರಕ್ಕೊಮ್ಮೆ ಮುಳ್ಳು ರೋಲರ್ ಎಳೆಸಿ, ಮೇಲೆ ಒಂದಿಂಚು ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸುವ ಮರಳು) ಹರಡಿದರೆ ಕೆಲಸ ಮುಗಿಯುತ್ತದೆ, ರೇಂಜನ್ನು ಒಂದು ದಿನವೂ ಮುಚ್ಚಬೇಕಾಗಿಲ್ಲ. ಹಾಲೋ ಟೈನ್, ಅಂದರೆ ಕೊಳವೆ ಮೊನೆಗಳ ಯಂತ್ರ ತರಿಸಿ ಮಣ್ಣಿನ ತುಂಡುಗಳನ್ನೇ ಹೊರಗೆ ತೆಗೆಯಬೇಕು, ಅದಕ್ಕಾಗಿ ಟೀಯನ್ನು ಕೆಲವು ವಾರ ಮುಚ್ಚಿದರೂ ಸರಿ ಎಂಬುದು ನನ್ನ ಅಭಿಪ್ರಾಯ. ಯುಗಾದಿ ಕಳೆದಿದೆ, ಮುಂಗಾರಿಗೆ ಮೊದಲು ತೀರ್ಮಾನವಾಗಬೇಕು. ಅವರನ್ನು ಒಪ್ಪಿಸಲು ನನಗೆ ಕಾರಣವೂ ಬೇಕು, ಲೆಕ್ಕವೂ ಬೇಕು.

ಮಡಕಶಿರಾದ ರೈತ

ಇದಕ್ಕೆ ಇಷ್ಟೊಂದು ಯಂತ್ರಗಳ ಮಾತೇಕೆ? ಹೊಲ ಗಟ್ಟಿಯಾದರೆ ನಾವು ಮಳೆ ಬಿದ್ದ ಮೇಲೆ ಹದ ನೋಡಿ ನೇಗಿಲು ಹೂಡುತ್ತೇವೆ. ನೀವೂ ಒಂದು ಸಲ ಆಳವಾಗಿ ಉಳುಮೆ ಮಾಡಿಸಿ, ಕೊಟ್ಟಿಗೆ ಗೊಬ್ಬರ ಸೇರಿಸಿ, ಸಮ ಮಾಡಿ ಹುಲ್ಲನ್ನು ಮತ್ತೆ ನೆಡಿಸಿ. ಗರಿಕೆ ಬರುವುದಿಲ್ಲ ಎಂಬ ಹೆದರಿಕೆ ಬೇಡ, ಬಂದ ಗರಿಕೆಯನ್ನು ಹೊಲದಿಂದ ತೆಗೆಯುವುದೇ ನಮಗೆ ದೊಡ್ಡ ಕೆಲಸ.

ಕೂನೂರಿನ ಚಳಿ

ಅಣ್ಣ, ಉಳುಮೆಯನ್ನು ನಾನು ತಳ್ಳಿಹಾಕುವುದಿಲ್ಲ, ಆದರೆ ಅದು ಕೊನೆಯ ಉಪಾಯ. ಉತ್ತ ನೆಲ ಮತ್ತೆ ಸಮತಟ್ಟಾಗಿ ಕುಳಿತು, ಹುಲ್ಲು ಹೆಣೆದುಕೊಂಡು, ಆಟಗಾರರ ಕಾಲಿಗೆ ಸಿದ್ಧವಾಗಲು ತಿಂಗಳುಗಳೇ ಬೇಕು. ಕೊಯ್ಲಾದ ಮೇಲೆ ಹೊಲಕ್ಕೆ ಬಿಡುವು ಸಿಗುತ್ತದೆ, ಅಭ್ಯಾಸದ ಟೀಗೆ ಸಿಗುವುದಿಲ್ಲ. ಅಲ್ಲದೆ ಆಟ ಮತ್ತೆ ಶುರುವಾದರೆ, ಸಡಿಲಗೊಂಡ ಮಣ್ಣೇ ಮೊದಲು ಅಮರಿಕೊಳ್ಳುತ್ತದೆ.

ನಾನು ನೀಲಗಿರಿಯ ಒಂದು ಗಾಲ್ಫ್ ಅಂಗಳದಲ್ಲಿ ಹುಲ್ಲಿನ ನರ್ಸರಿಯನ್ನು ನೋಡಿಕೊಳ್ಳುತ್ತೇನೆ. ಮೂಲ ಪ್ರಶ್ನೆಗೆ ನನ್ನ ಉತ್ತರ ಇದು. ಒಳ್ಳೆಯ ಮಣ್ಣಿನ ಗಾತ್ರದಲ್ಲಿ ಸುಮಾರು ಅರ್ಧ ಮಾತ್ರ ಗಟ್ಟಿ ಪದಾರ್ಥ; ಉಳಿದ ಅರ್ಧ ರಂಧ್ರ, ಅದರಲ್ಲಿ ನೀರಿಗೂ ಗಾಳಿಗೂ ಹೆಚ್ಚುಕಡಿಮೆ ಸಮಪಾಲು. ತುಳಿತಕ್ಕೆ ಮೊದಲು ಮುಚ್ಚಿಹೋಗುವುದು ದೊಡ್ಡ ರಂಧ್ರಗಳು, ನೀರು ಬಸಿದು ಗಾಳಿ ಒಳಗೆ ಬರುವುದು ಅವುಗಳ ಮೂಲಕವೇ. ಉಳಿದ ಸಣ್ಣ ರಂಧ್ರಗಳು ನೀರನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ, ಆಮ್ಲಜನಕವಾದರೋ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಹೀಗಾಗಿ ನೆಲ ಒದ್ದೆಯಾಗಿರುವಾಗಲೇ ಬೇರು ಉಸಿರುಗಟ್ಟಿ ಸಾಯುತ್ತದೆ, ಮೇಲಿನವರು ಹುಲ್ಲು ಬಾಡಿತೆಂದು ಇನ್ನಷ್ಟು ನೀರು ಬಿಡುತ್ತಾರೆ.

ಈಗ ಮುಳ್ಳು ರೋಲರ್ ವಿಷಯ. ಮುಳ್ಳು ಇಳಿದ ಜಾಗದಲ್ಲಿದ್ದ ಮಣ್ಣು ಎಲ್ಲಿಗೆ ಹೋಯಿತು ಎಂದು ನಿಮ್ಮ ವ್ಯವಸ್ಥಾಪಕರನ್ನು ಕೇಳಿ. ಅದು ಎಲ್ಲಿಗೂ ಹೋಗಿಲ್ಲ, ಪಕ್ಕಕ್ಕೂ ಕೆಳಕ್ಕೂ ಒತ್ತಿಕೊಂಡಿದೆ. ಮೇಲ್ಪದರದ ಹೊರಪು ಒಡೆದು ನಾಲ್ಕು ದಿನ ನೀರು ಇಳಿಯಲು ಅದು ಸಹಾಯ ಮಾಡುತ್ತದೆ, ಅಷ್ಟನ್ನು ನಾನೂ ಒಪ್ಪುತ್ತೇನೆ. ಆದರೆ ರೋಲರಿನ ಭಾರವೂ ಅದೇ ನೆಲದ ಮೇಲೆ ಬೀಳುತ್ತದೆ. ಹಾಲೋ ಟೈನ್ ಮಾಡುವ ಕೆಲಸವೇ ಬೇರೆ. ಕೊಳವೆಯಾಕಾರದ ಮೊನೆ ಮಣ್ಣಿನ ತುಂಡನ್ನು ಕಿತ್ತು ಮೇಲೆ ಹಾಕುವುದರಿಂದ ಅಷ್ಟು ಮಣ್ಣು ನಿಜವಾಗಿಯೂ ಕಡಿಮೆಯಾಗುತ್ತದೆ, ಸುತ್ತಲಿನ ಮಣ್ಣಿಗೆ ಸಡಿಲಗೊಳ್ಳಲು ಜಾಗ ಸಿಗುತ್ತದೆ.

ಬಾಗಲೂರಿನ ಆಟಗಾರ

ನಾನು ಹುಲ್ಲು ಬೆಳೆಸುವವನಲ್ಲ, ಅದರ ಮೇಲೆ ನಿಂತು ಆಡುವವನು. ಪ್ರತಿ ಮೈದಾನದಲ್ಲೂ ಇದೇ ನಡೆಯುತ್ತದೆ: ಹುಲ್ಲು ಹಸಿರಾಗಿ ಕೂಡಿಕೊಂಡಿತು ಎನ್ನುವ ಹೊತ್ತಿಗೆ ಯಂತ್ರ ಬಂದು ತೂತು ಮಾಡುತ್ತದೆ, ಮೇಲೆ ಮರಳು ಸುರಿಯುತ್ತಾರೆ, ಎರಡು ಮೂರು ವಾರ ಕ್ಲಬ್ಬಿನ ಮುಖಕ್ಕೆ ಮರಳು ಉಜ್ಜುತ್ತದೆ. ಚಂದಾ ಕಟ್ಟುವವರು ನಾವು. ಡಿಸೆಂಬರ್ ಜನವರಿಯಲ್ಲಿ, ಹುಲ್ಲು ಹೇಗೂ ಮಂಕಾಗಿರುವಾಗ ಈ ಕೆಲಸ ಮಾಡಿದರೆ ಯಾರಿಗೂ ತೊಂದರೆಯಿಲ್ಲವಲ್ಲ?

ಕೂನೂರಿನ ಚಳಿ

ಡಿಸೆಂಬರ್ ಜನವರಿಯಲ್ಲಿ ಮಾಡಿದರೆ ನಿಮ್ಮ ಎರಡು ಮೂರು ವಾರ ಎರಡು ಮೂರು ತಿಂಗಳಾಗುತ್ತದೆ ಸರ್. ಗರಿಕೆ ಬಿಸಿಲು ಕಾಲದ ಹುಲ್ಲು. ಹೊಸೂರು ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 900 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಚಳಿಗಾಲದ ರಾತ್ರಿಗಳಲ್ಲಿ ಗರಿಕೆಯ ಬೆಳವಣಿಗೆ ಕುಂಠಿತವಾಗುತ್ತದೆ. ಬೆಳೆಯದ ಹುಲ್ಲಿನಲ್ಲಿ ತೂತು ಮಾಡಿದರೆ ಅದು ತೆರೆದೇ ಉಳಿಯುತ್ತದೆ, ಆ ಜಾಗಕ್ಕೆ ಕಳೆ ಬರುತ್ತದೆ. ಹುಲ್ಲು ಭರದಿಂದ ಬೆಳೆಯುವ ಕಾಲದಲ್ಲೇ ಗಾಯ ಮಾಡಬೇಕು, ಆಗಲೇ ಅದು ಬೇಗ ಮಾಯುತ್ತದೆ. ನಮ್ಮ ಬೆಟ್ಟದಲ್ಲಿ ಇಬ್ಬನಿ ಹೆಪ್ಪುಗಟ್ಟುವ ತಿಂಗಳುಗಳಲ್ಲಿ ಯಂತ್ರವನ್ನು ಹೊರಗೆ ತೆಗೆಯುವುದೇ ಇಲ್ಲ.

ಮಂಜೇಶ್ವರದ ಓದುಗ

ಗಾಲ್ಫ್ ನೋಡಿದವನೂ ಅಲ್ಲ, ಆದರೆ ನಮ್ಮ ಮನೆಯ ಅಂಗಳದ ಹುಲ್ಲಿಗೂ ಇದೇ ಕಾಯಿಲೆ ಎಂದು ಈಗ ಗೊತ್ತಾಯಿತು, ಮುಂದುವರಿಸಿ.

ಅಕ್ಕಲಕೋಟೆಯ ಪಾಟೀಲ

ನಾನು ಸೊಲ್ಲಾಪುರ ಜಿಲ್ಲೆಯವನು, ಊರಿನ ಕ್ರಿಕೆಟ್ ಮೈದಾನದ ಉಸ್ತುವಾರಿ ನಮ್ಮ ಮಂಡಳಿಯದು. ನಮ್ಮಲ್ಲಿ ಪಿಚ್ಚನ್ನು ನೀರು ಹಾಕಿ ರೋಲರ್ ಎಳೆದು ಬೇಕೆಂದೇ ಗಟ್ಟಿ ಮಾಡುತ್ತೇವೆ. ಅದರಾಚೆಯ ಹುಲ್ಲಿನ ನೆಲಕ್ಕೆ ಯಾವ ಯಂತ್ರವನ್ನೂ ತಂದವರಲ್ಲ. ನಮ್ಮದು ಎರೆಮಣ್ಣು. ಬೇಸಿಗೆಯಲ್ಲಿ ನೀರು ನಿಲ್ಲಿಸಿದರೆ ಸಾಕು, ಕೈ ಇಳಿಯುವಷ್ಟು ಬಿರುಕು ತಾನಾಗಿಯೇ ಬಿಡುತ್ತದೆ. ಮೊದಲ ಮಳೆಯ ನೀರೆಲ್ಲ ಆ ಬಿರುಕುಗಳಲ್ಲಿ ಇಳಿದು ಹೋಗುತ್ತದೆ, ಹುಲ್ಲು ಮತ್ತೆ ಚಿಗುರುತ್ತದೆ. ನೆಲವೇ ಮಾಡಿಕೊಳ್ಳುವ ಕೆಲಸಕ್ಕೆ ಸಾವಿರಾರು ರೂಪಾಯಿ ಬಾಡಿಗೆ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಹೊಸೂರಿನವರೂ ಎರಡು ವಾರ ನೀರು ನಿಲ್ಲಿಸಿ ನೋಡಲಿ.

ದೆಂಕಣಿಕೋಟೆ ಎಂಜಿನಿಯರ್

ಪಾಟೀಲರೇ, ನಿಮ್ಮ ಮಾತು ನಿಮ್ಮ ಮಣ್ಣಿಗೆ ನಿಜ, ನಮ್ಮ ಮಣ್ಣಿಗೆ ಅಲ್ಲ. ಎರೆಮಣ್ಣಿನ ಜೇಡಿಯಲ್ಲಿ ಮುಖ್ಯವಾಗಿ ಇರುವುದು ಮಾಂಟ್‌ಮೊರಿಲೊನೈಟ್ ಗುಂಪಿನ ಖನಿಜ. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ನಮ್ಮ ಕೆಂಪು ಮಣ್ಣಿನ ಜೇಡಿ ಹೆಚ್ಚಾಗಿ ಕೇಯೋಲಿನೈಟ್, ಅದಕ್ಕೆ ಉಬ್ಬುವ ಕುಗ್ಗುವ ಗುಣ ತೀರ ಕಡಿಮೆ. ಅದು ಒಣಗಿದರೆ ಬಿರಿಯುವ ಬದಲು ಇನ್ನಷ್ಟು ಗಟ್ಟಿಯಾಗಿ ಬಿಗಿದುಕೊಳ್ಳುತ್ತದೆ. ನಮ್ಮ ಕಡೆಯ ರಾಗಿ ಹೊಲದಲ್ಲಿ ಮಳೆ ಬಂದು ಬಿಸಿಲು ಹೊಡೆದರೆ ಮೇಲೆ ಹೊರಪು ಕಟ್ಟಿ ಮೊಳಕೆ ಏಳದಿರುವುದನ್ನು ಇಲ್ಲಿನ ರೈತರೆಲ್ಲ ಬಲ್ಲರು. ಎರಡು ವಾರ ನೀರು ನಿಲ್ಲಿಸಿದರೆ ಇವರ ಟೀಯಲ್ಲಿ ಹುಲ್ಲು ಒಣಗುತ್ತದೆ, ನೆಲ ಹಾಗೆಯೇ ಇರುತ್ತದೆ.

ಎಂ-ಸ್ಯಾಂಡ್ ಬಗ್ಗೆ ಒಂದು ಮಾತು, ಇದು ನನ್ನ ವೃತ್ತಿಯ ವಿಷಯ. ಕಟ್ಟಡದ ಕಾಂಕ್ರೀಟಿಗೆಂದು ಐಎಸ್ 383 ಮಾನಕ ಒಪ್ಪುವ ಎಂ-ಸ್ಯಾಂಡಿನಲ್ಲಿ 75 ಮೈಕ್ರಾನಿಗಿಂತ ನುಣ್ಣನೆಯ ಪುಡಿ ಶೇ. 15ರವರೆಗೆ ಇರಬಹುದು. ಕಾಂಕ್ರೀಟಿಗೆ ಅದು ನಡೆಯುತ್ತದೆ, ಹುಲ್ಲಿಗೆ ನಡೆಯುವುದಿಲ್ಲ. ಆ ಕಲ್ಲಿನ ಪುಡಿ ತೂತುಗಳಲ್ಲಿ ಇಳಿದು ನೀರು ತಾಗಿದರೆ ಅಂಟಿಕೊಂಡು, ನೀವು ತೆರೆದ ದಾರಿಯನ್ನೇ ಮುಚ್ಚುತ್ತದೆ. ಅಮೆರಿಕದ ಗಾಲ್ಫ್ ಸಂಸ್ಥೆಯಾದ ಯುಎಸ್‌ಜಿಎ 1960ರಿಂದ ಗ್ರೀನ್, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವ ನುಣುಪು ಹುಲ್ಲಿನ ಜಾಗ, ಕಟ್ಟುವ ವಿಧಾನವನ್ನು ಪ್ರಕಟಿಸುತ್ತ ಬಂದಿದೆ. ಅದರ ಪ್ರಕಾರ ಬೇರಿನ ಪದರದ ಮಿಶ್ರಣದಲ್ಲಿ ಕನಿಷ್ಠ ಶೇ. 60ರಷ್ಟು ಕಾಳುಗಳು ಕಾಲು ಮಿಲಿಮೀಟರಿನಿಂದ ಒಂದು ಮಿಲಿಮೀಟರ್ ಗಾತ್ರದವಾಗಿರಬೇಕು, ಹೂಳು ಶೇ. 5ನ್ನೂ ಜೇಡಿ ಶೇ. 3ನ್ನೂ ಮೀರಬಾರದು. ಟೀಗೆ ಅಷ್ಟು ಕಟ್ಟುನಿಟ್ಟು ಬೇಕಾಗಿಲ್ಲದಿದ್ದರೂ ದಿಕ್ಕು ಅದೇ.

ಹೊಸೂರಿನ ಹುಲ್ಲುಹಾಸು

ಎಂಜಿನಿಯರ್ ಸರ್, ನದಿಯ ಮರಳು ಈಗ ಸುಲಭವಾಗಿ ಸಿಗುವುದಿಲ್ಲ, ಸಿಕ್ಕರೂ ಅದರ ಬೆಲೆಗೆ ವ್ಯವಸ್ಥಾಪಕರು ಒಪ್ಪುವುದಿಲ್ಲ. ತೊಳೆದ ಎಂ-ಸ್ಯಾಂಡ್ ಆಗಬಹುದೇ?

ದೆಂಕಣಿಕೋಟೆ ಎಂಜಿನಿಯರ್

ಚೆನ್ನಾಗಿ ತೊಳೆದು ಜರಡಿ ಹಿಡಿದದ್ದಾದರೆ ಆಗಬಹುದು. ಕ್ರಷರಿನವರ ಮಾತನ್ನು ನಂಬಿ ಲಾರಿ ತುಂಬಿಸಬೇಡಿ. ಪಾರದರ್ಶಕ ನೀರಿನ ಬಾಟಲಿಯಲ್ಲಿ ಮೂರನೆಯ ಒಂದು ಭಾಗ ಮರಳು ಹಾಕಿ, ಉಳಿದುದಕ್ಕೆ ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ಕುಲುಕಿ ಕದಲದ ಕಡೆ ಇಡಿ. ಮರಳು ಕೂಡಲೇ ತಳ ಸೇರುತ್ತದೆ; ಅದರ ಮೇಲೆ ಕೆಲವು ಗಂಟೆಗಳಲ್ಲಿ ಬೂದು ಬಣ್ಣದ ನಯವಾದ ಪದರ ಕೂರುತ್ತದೆ. ಆ ಪದರ ಕಣ್ಣಿಗೆ ದಪ್ಪವಾಗಿ ಕಂಡರೆ ಆ ಮರಳನ್ನು ಹಿಂದಕ್ಕೆ ಕಳುಹಿಸಿ. ಗಾರೆಗೆ ಬಳಸುವ ಪಿ-ಸ್ಯಾಂಡನ್ನು ಮಾತ್ರ ಯಾವ ಕಾರಣಕ್ಕೂ ತರಿಸಬೇಡಿ, ಅದು ಇನ್ನೂ ನುಣ್ಣಗಿರುತ್ತದೆ.

ಪೆರ್ಲದ ಮಾಷ್ಟ್ರು

ಎಲ್ಲರೂ ಮೇಲಿನಿಂದಲೇ ಮಾತನಾಡುತ್ತಿದ್ದೀರಿ, ಒಬ್ಬರೂ ಅಗೆದು ನೋಡಿ ಎಂದು ಹೇಳಲಿಲ್ಲ. ನಾನು ಕಾಸರಗೋಡು ಜಿಲ್ಲೆಯ ಶಾಲೆಯೊಂದರಲ್ಲಿ ಮಕ್ಕಳ ಫುಟ್‌ಬಾಲ್ ಮೈದಾನವನ್ನು ನೋಡಿಕೊಳ್ಳುವವನು. ನಮ್ಮಲ್ಲಿ ಮೇಲೆ ನಾಲ್ಕು ಬೆರಳು ಮಣ್ಣು, ಕೆಳಗೆ ಮುರಕಲ್ಲು. ಮುರಕಲ್ಲು ನೆಲದೊಳಗೆ ಇರುವಾಗ ಮೆತ್ತಗಿದ್ದು ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ನಮ್ಮ ಹಿರಿಯರು ಅದನ್ನು ಸುಲಭವಾಗಿ ಕಡಿದು ತೆಗೆದು, ಒಣಗಿಸಿ ಗೋಡೆ ಕಟ್ಟಿದರು. ಇಂಥ ನೆಲಕ್ಕೆ ಯಂತ್ರ ತಂದರೆ ಟೈನ್ ಮುರಿಯುವುದು ಖಂಡಿತ. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸಿನ ಮಳೆ, ಅದರಲ್ಲಿ ಹೆಚ್ಚಿನದು ಜೂನಿನಿಂದ ಸೆಪ್ಟೆಂಬರಿನ ಒಳಗೆ ಸುರಿಯುವುದರಿಂದ ನಮ್ಮ ಚಿಂತೆ ನೀರು ಇಂಗಿಸುವುದಕ್ಕಿಂತ ಹೆಚ್ಚಾಗಿ ಅದನ್ನು ಹೊರಗೆ ಹರಿಸುವುದು. ಗುದ್ದಲಿಯ ಕೆಲಸವಾದ ಮೇಲೆ ತೆಂಗಿನ ನಾರಿನ ಪುಡಿ, ಎರೆಗೊಬ್ಬರ, ಮರಳು ಇವುಗಳನ್ನು ಬೆರೆಸಿ ಮೇಲ್ಮಣ್ಣಿನ ದಪ್ಪವನ್ನೇ ಹೆಚ್ಚಿಸಬೇಕಾಯಿತು.

ಹಾಗಾಗಿ ಹೊಸೂರಿನವರು ಮೊದಲು ಒಂದು ಮೊಳ ಆಳದ ಗುಂಡಿ ತೆಗೆದು, ಅದರ ಗೋಡೆಯನ್ನು ಚೂರಿಯಿಂದ ಕೆರೆದು, ಗಟ್ಟಿ ಪದರ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ನೋಡಲಿ. ಕಾಯಿಲೆ ಹತ್ತು ಸೆಂಟಿಮೀಟರಿನಲ್ಲಿದ್ದು ಮದ್ದು ಐದು ಸೆಂಟಿಮೀಟರಿಗೆ ನಿಂತರೆ ಏನು ಬಂತು?

ಕೂನೂರಿನ ಚಳಿ

ಮಾಷ್ಟ್ರ ಮಾತಿಗೆ ಪೂರ್ತಿ ಒಪ್ಪಿಗೆ. ಪ್ರತಿ ಸಲ ಒಂದೇ ಆಳಕ್ಕೆ ಟೈನ್ ಇಳಿಸುತ್ತ ಹೋದರೆ ಆ ಮೊನೆಗಳ ತುದಿ ನಿಂತಲ್ಲೇ ಹೊಸ ಗಟ್ಟಿ ಪದರ ಹುಟ್ಟಿಕೊಳ್ಳುತ್ತದೆ. ಆದ್ದರಿಂದ ಆಳವನ್ನು ಬದಲಿಸುತ್ತಿರಬೇಕು.

ಹೊಸೂರಿನ ಹುಲ್ಲುಹಾಸು

ಮಾಷ್ಟ್ರೇ, ನೀವು ಹೇಳಿದ ಹಾಗೆ ಎರಡು ಕಡೆ ಗುಂಡಿ ತೆಗೆಸಿದೆ, ಒಂದು ಟೀಯ ನಡುವೆ, ಇನ್ನೊಂದು ಚೆಂಡು ಆಯುವ ಗಾಡಿ ತಿರುಗುವ ಅಂಚಿನಲ್ಲಿ. ನಡುವಿನ ಗುಂಡಿಯಲ್ಲಿ ಕಂಡದ್ದು ಬಹಳ ಸ್ಪಷ್ಟವಾಗಿತ್ತು. ಮೇಲೆ ಬೆರಳು ದಪ್ಪದಷ್ಟು ಬೂದು ಮರಳಿನ ಪದರ, ಬಹುಶಃ ಹಿಂದೆ ಯಾರೋ ಹರಡಿಸಿದ್ದು. ಬೇರುಗಳ ಬಹುಪಾಲು ಅದರೊಳಗೇ ಸುತ್ತಿಕೊಂಡು ಚಾಪೆಯಂತೆ ಹೆಣೆದಿದ್ದವು. ಅದರ ಕೆಳಗೆ ಏಳು ಸೆಂಟಿಮೀಟರಿನವರೆಗೆ ಚೂರಿಯ ತುದಿ ಇಳಿಯದಷ್ಟು ಬಿಗಿದ ಕೆಂಪು ಮಣ್ಣು, ಒಡೆದರೆ ಪದರ ಪದರವಾಗಿ ಅಡ್ಡಡ್ಡ ಬಿಚ್ಚಿಕೊಳ್ಳುತ್ತದೆ. ಮರಳೂ ಮಣ್ಣೂ ಸೇರುವ ಗೆರೆಯಲ್ಲಿ ಒದ್ದೆ ನಿಂತು ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು. ಏಳು ಸೆಂಟಿಮೀಟರ್ ದಾಟಿದ ಮೇಲೆ ಮಣ್ಣು ಕೈಯಲ್ಲಿ ಹುಡಿಯಾಗುವಷ್ಟು ಹಗುರವಾಗಿದೆ, ಆದರೆ ಅಲ್ಲಿ ಒಂದು ಬೇರೂ ಇಲ್ಲ. ಗಾಡಿ ತಿರುಗುವ ಅಂಚಿನಲ್ಲಿ ಗಟ್ಟಿತನ ಹದಿನೆಂಟು ಸೆಂಟಿಮೀಟರಿನವರೆಗೂ ಇದೆ.

ದೆಂಕಣಿಕೋಟೆ ಎಂಜಿನಿಯರ್

ನಿಮ್ಮ ವ್ಯವಸ್ಥಾಪಕರನ್ನು ಆ ಗುಂಡಿಯ ಬಳಿಗೆ ಕರೆದುಕೊಂಡು ಹೋಗಿ. ಮೇಲೆ ಮರಳು ಹರಡಿದರೆ ಸಾಕು ಎಂಬ ವಾದಕ್ಕೆ ಉತ್ತರ ಅಲ್ಲೇ ಇದೆ: ಮರಳು ಹರಡಿಯಾಗಿದೆ, ನೀರು ಮರಳನ್ನು ದಾಟಿ ಬಿಗಿ ಮಣ್ಣಿನ ಮೇಲೆ ನಿಂತಿದೆ, ಗಾಳಿಯಿಲ್ಲದೆ ಗಂಧಕದ ಅನಿಲ ಹುಟ್ಟಿ ವಾಸನೆ ಬರುತ್ತಿದೆ. ಮರಳು ಮೇಲಿನಿಂದ ಕೆಳಗಿನವರೆಗೆ ಕಂಬಗಳಾಗಿ ಇಳಿಯಬೇಕೇ ಹೊರತು ಹಾಸಿಗೆಯಾಗಿ ಮೇಲೆ ಕೂರಬಾರದು.

ಅಕ್ಕಲಕೋಟೆಯ ಪಾಟೀಲ

ಗುಂಡಿಯ ವಿವರ ಓದಿದ ಮೇಲೂ ಯಂತ್ರವೇ ಬೇಕೆಂದು ನನಗೆ ಅನ್ನಿಸುತ್ತಿಲ್ಲ. ಗಟ್ಟಿ ಪದರ ಏಳು ಸೆಂಟಿಮೀಟರ್ ಮಾತ್ರ ಇದ್ದರೆ ಆಳುಗಳನ್ನು ಹಚ್ಚಿ ಗಾರ್ಡನ್ ಫೋರ್ಕಿನಲ್ಲಿ ಚುಚ್ಚಿಸಬಹುದು. ಜೊತೆಗೆ ಜಿಪ್ಸಮ್ ಹಾಕಿದರೆ ಮಣ್ಣು ಸಡಿಲವಾಗುತ್ತದೆ, ನಮ್ಮ ಕಡೆ ಕಬ್ಬಿನ ಹೊಲಕ್ಕೆ ಹಾಕುತ್ತಾರೆ.

ಕೂನೂರಿನ ಚಳಿ

ಪಾಟೀಲರೇ, ಲೆಕ್ಕ ಹಾಕಿ ನೋಡೋಣ. ಐದು ಸೆಂಟಿಮೀಟರಿಗೆ ಒಂದರಂತೆ ತೂತು ಎಂದರೆ ಚದರ ಮೀಟರಿಗೆ 400. ಇವರ 1,200 ಚದರ ಮೀಟರಿಗೆ 4,80,000 ತೂತು. ನಾಲ್ಕು ಹಲ್ಲಿನ ಫೋರ್ಕಾದರೆ 1,20,000 ಸಲ ಕಾಲಿನಲ್ಲಿ ಒತ್ತಿ ಎಳೆಯಬೇಕು, ಅದೂ ಮಣ್ಣನ್ನು ತೆಗೆಯದೆ ಬರೀ ಚುಚ್ಚಲು. ಸ್ಪ್ರಿಂಕ್ಲರ್ ತಲೆಗಳ ಸುತ್ತ, ಅಂಚುಗಳಲ್ಲಿ, ಯಂತ್ರ ಹೋಗದ ಕಡೆ ಫೋರ್ಕ್ ಸರಿ. ನಡೆದುಕೊಂಡು ಓಡಿಸುವ ಪ್ರೋಕೋರ್ 648ರಂಥ ಯಂತ್ರ ಒಂದು ಸಾಲಿಗೆ 48 ಇಂಚು ಅಗಲ ಮುಗಿಸುತ್ತದೆ, ಈ ಟೀ ಅದಕ್ಕೆ ಒಂದು ದಿನದ ಕೆಲಸವೂ ಅಲ್ಲ.

ಜಿಪ್ಸಮ್ ಹಾಕುವ ಮೊದಲು ಮಣ್ಣನ್ನೂ ನೀರನ್ನೂ ಪರೀಕ್ಷೆ ಮಾಡಿಸಬೇಕು. ಮಣ್ಣಿನಲ್ಲಿ ಸೋಡಿಯಂ ಹೆಚ್ಚಾಗಿ ಜೇಡಿಯ ಕಣಗಳು ಚದುರಿ ಮುಚ್ಚಿಕೊಂಡಿದ್ದರೆ, ಜಿಪ್ಸಮಿನ ಕ್ಯಾಲ್ಸಿಯಂ ಸೋಡಿಯಮನ್ನು ಹೊರದಬ್ಬಿ ಕಣಗಳನ್ನು ಮತ್ತೆ ಗುಂಪುಗೂಡಿಸುತ್ತದೆ. ನಿಮ್ಮ ಕಬ್ಬಿನ ಹೊಲದ ಸವುಳು ಮಣ್ಣಿಗೆ ಅದು ಸರಿಯಾದ ಮದ್ದು. ಕಾಲ್ತುಳಿತದಿಂದ ಅಮರಿದ ಮಣ್ಣನ್ನು ಯಾವ ಪುಡಿಯೂ ಎತ್ತಿ ನಿಲ್ಲಿಸುವುದಿಲ್ಲ.

ಹೊಸೂರಿನ ಹುಲ್ಲುಹಾಸು

ಅಕ್ಕ, ನಮ್ಮಲ್ಲಿ ಸಂಸ್ಕರಿಸಿದ ಕೊಳಚೆ ನೀರನ್ನೂ ಹಾಯಿಸುತ್ತೇವೆ.

ಕೂನೂರಿನ ಚಳಿ

ಹಾಗಿದ್ದರೆ ಪರೀಕ್ಷೆ ತಪ್ಪಿಸಲೇಬೇಡಿ. ಅಂಥ ನೀರಿನಲ್ಲಿ ಸೋಡಿಯಂ ಹೆಚ್ಚಿರುವುದು ಸಾಮಾನ್ಯ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ವಿನಿಮಯವಾಗುವ ಸೋಡಿಯಮಿನ ಪ್ರಮಾಣ ಶೇ. 15 ದಾಟಿದ್ದರೆ ಜಿಪ್ಸಮ್ ಬೇಕು, ಅದನ್ನೂ ತೂತು ಮಾಡಿದ ಮೇಲೆ ಹಾಕಿದರೆ ಕೆಳಕ್ಕೆ ಇಳಿಯುತ್ತದೆ. ಪಾಟೀಲರ ಸಲಹೆ ಆ ಒಂದು ಸಂದರ್ಭದಲ್ಲಿ ಸರಿಯಾಗಬಹುದು.

ಅಕ್ಕಲಕೋಟೆಯ ಪಾಟೀಲ

ಅಷ್ಟನ್ನಾದರೂ ಒಪ್ಪಿಕೊಂಡಿರಲ್ಲ, ಸಂತೋಷ. ನಮ್ಮ ಮೈದಾನಕ್ಕೆ ಯಂತ್ರ ಬೇಡ ಎಂಬ ನನ್ನ ಮಾತಿನಲ್ಲಿ ಬದಲಾವಣೆಯಿಲ್ಲ.

ಮಡಕಶಿರಾದ ರೈತ

ಮೇಲೆ ಬರುವ ಮಣ್ಣಿನ ತುಂಡುಗಳನ್ನು ಏನು ಮಾಡುತ್ತೀರಿ? ಅಷ್ಟು ಮಣ್ಣನ್ನು ಹೊರಗೆ ಎಸೆಯುವುದಾದರೆ ನನಗೆ ಕೊಡಿ. ಇನ್ನೊಂದು ಸಂದೇಹ, ಹದ ಯಾವುದು? ನಾವು ಉಳುವಾಗ ಮುಷ್ಟಿಯಲ್ಲಿ ಹಿಡಿದ ಮಣ್ಣು ಉಂಡೆಯಾಗಿ, ಬೆರಳು ತಾಗಿಸಿದರೆ ಪುಡಿಯಾಗಬೇಕು ಎನ್ನುತ್ತೇವೆ.

ದೆಂಕಣಿಕೋಟೆ ಎಂಜಿನಿಯರ್

ಹದದ ವಿಷಯ ರೈತಣ್ಣ ಸರಿಯಾಗಿ ಹೇಳಿದ್ದಾರೆ, ಟೈನ್ ಇಳಿಸಲೂ ಅದೇ ಹದ. ಒಣಗಿದ್ದರೆ ಮೊನೆ ಇಳಿಯುವುದಿಲ್ಲ. ತೀರ ಒದ್ದೆಯಾಗಿದ್ದರೆ ತೂತಿನ ಒಳಗೋಡೆ ಗಿಲಾವು ಮಾಡಿದಂತೆ ನುಣುಪಾಗಿ ಮುಚ್ಚಿಕೊಳ್ಳುತ್ತದೆ. ಹಿಂದಿನ ದಿನ ನೀರು ಹಾಯಿಸಿ ಒಂದು ರಾತ್ರಿ ಬಸಿಯಲು ಬಿಡುವುದು ವಾಡಿಕೆ.

ಇದರ ಜೊತೆಗೆ ಒಂದು ಎಚ್ಚರಿಕೆ. ರಸ್ತೆ ಕೆಲಸದಲ್ಲಿ ನಾವು ಮಣ್ಣಿಗೆ ನೀರು ಚಿಮುಕಿಸಿ ರೋಲರ್ ಹೊಡೆಸುವುದು ಏಕೆಂದರೆ, ಪ್ರತಿ ಮಣ್ಣಿಗೂ ಒಂದು ತೇವದಲ್ಲಿ ಅದು ಅತಿ ಹೆಚ್ಚು ಅಮರುತ್ತದೆ. 1933ರಲ್ಲಿ ಪ್ರಾಕ್ಟರ್ ಎಂಬ ಅಮೆರಿಕದ ಎಂಜಿನಿಯರ್ ಪ್ರಕಟಿಸಿದ ಪರೀಕ್ಷೆಯನ್ನು ನಾವು ಇಂದಿಗೂ ಮಾಡುತ್ತೇವೆ. ಮಳೆ ಬಂದು ನಿಂತ ಬೆಳಿಗ್ಗೆ, ನೆಲ ಇನ್ನೂ ತೇವವಾಗಿರುವಾಗ, ನಿಮ್ಮ ಚೆಂಡು ಆಯುವ ಗಾಡಿ ತಿರುಗಾಡಿದರೆ ನೀವು ಅಲ್ಲಿ ರಸ್ತೆಯನ್ನೇ ಕಟ್ಟುತ್ತಿದ್ದೀರಿ. ಅಂಚಿನಲ್ಲಿ ಹದಿನೆಂಟು ಸೆಂಟಿಮೀಟರ್ ಗಟ್ಟಿಯಾಗಿರುವುದು ಹಾಗೆಯೇ. ಮಳೆಯ ಮರುದಿನ ಗಾಡಿ ಬೇಡ, ಆಳುಗಳು ಕೈಯಲ್ಲಿ ಆಯಲಿ.

ಕೂನೂರಿನ ಚಳಿ

ಆ ಅಂಚಿಗೆ ಮಾಮೂಲಿ ಯಂತ್ರ ಸಾಲದು. ಟ್ರ್ಯಾಕ್ಟರಿಗೆ ಕಟ್ಟುವ ವರ್ಟಿ-ಡ್ರೇನ್ ಎಂಬ ನೆದರ್ಲೆಂಡಿನ ಯಂತ್ರದ ದೊಡ್ಡ ಮಾದರಿಗಳು 40 ಸೆಂಟಿಮೀಟರಿನವರೆಗೆ ಮೊನೆ ಇಳಿಸಿ, ಇಳಿದ ಮೇಲೆ ಮೊನೆಯನ್ನು ಸ್ವಲ್ಪ ಮೀಟಿ ಮಣ್ಣನ್ನು ಕೆಳಗಿನಿಂದ ಸಡಿಲಿಸುತ್ತವೆ. ಅಷ್ಟು ಚಿಕ್ಕ ಜಾಗಕ್ಕೆ ಅದನ್ನು ತರಿಸುವುದು ದುಬಾರಿ. ಅಲ್ಲಿ ರೈತಣ್ಣ ಹೇಳಿದಂತೆ ಅಗೆಸಿ, ಗೊಬ್ಬರ ಬೆರೆಸಿ, ಹುಲ್ಲನ್ನು ಹೊಸದಾಗಿ ಕೂರಿಸುವುದೇ ಸರಿ ಎಂದು ನನಗೆ ತೋರುತ್ತದೆ. ತುಂಡುಗಳ ವಿಷಯ: ಮಣ್ಣು ಚೆನ್ನಾಗಿದ್ದರೆ ಒಣಗಿಸಿ ಪುಡಿ ಮಾಡಿ ಅಲ್ಲೇ ಹರಡಬಹುದು. ಇಲ್ಲಿ ಮಣ್ಣನ್ನು ಬದಲಿಸುವುದೇ ಉದ್ದೇಶವಾದ್ದರಿಂದ ಗುಡಿಸಿ ತೆಗೆದು ಅದೇ ಅಂಚಿನ ತಗ್ಗಿಗೆ ಬಳಸಲಿ.

ಮರಳಿನ ಲೆಕ್ಕವನ್ನೂ ಕೊಡುತ್ತೇನೆ, ವ್ಯವಸ್ಥಾಪಕರಿಗೆ ತೋರಿಸಿ. ತೂತಿನ ಅಗಲ 12 ಮಿಲಿಮೀಟರ್, ಆಳ 8 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಚದರ ಮೀಟರಿಗೆ ಸುಮಾರು 3.6 ಲೀಟರ್ ಮಣ್ಣು ಹೊರಬರುತ್ತದೆ. 1,200 ಚದರ ಮೀಟರಿಗೆ 4.3 ಘನ ಮೀಟರ್, ಅಂದರೆ ಲಾರಿಯವರ ಲೆಕ್ಕದಲ್ಲಿ ಒಂದೂವರೆ ಯೂನಿಟ್ (ಒಂದು ಯೂನಿಟ್ ಎಂದರೆ ನೂರು ಘನ ಅಡಿ). ಮರಳು ಕುಸಿದು ಕೂರುವುದರಿಂದ ಎರಡು ಯೂನಿಟ್ ತರಿಸಿ. ಅವರು ಹೇಳಿದ ಒಂದಿಂಚು ಪದರಕ್ಕಾದರೆ ಹತ್ತು ಯೂನಿಟಿಗೂ ಹೆಚ್ಚು ಮರಳು ಬೇಕಾಗುತ್ತಿತ್ತು. ಇನ್ನೊಂದು ಸಂಗತಿ, ಈ ಅಳತೆಯ ತೂತುಗಳು ಒಂದು ಸಲಕ್ಕೆ ನೆಲದ ಮೇಲ್ಮೈಯಲ್ಲಿ ಶೇ. 4.5ರಷ್ಟನ್ನು ಮಾತ್ರ ಬದಲಿಸುತ್ತವೆ. ಮೊನೆ 16 ಮಿಲಿಮೀಟರಾದರೆ ಶೇ. 8, ಆದರೆ ಮಾಯುವುದು ತಡ. ಇಷ್ಟು ತುಳಿತವಿರುವ ಟೀಗೆ ವರ್ಷಕ್ಕೆ ಎರಡು ಸಲವಾದರೂ ಮಾಡಬೇಕು, ಒಂದು ಸಲದಲ್ಲಿ ಪವಾಡ ನಿರೀಕ್ಷಿಸಬಾರದು.

ಬಾಗಲೂರಿನ ಆಟಗಾರ

ವರ್ಷಕ್ಕೆ ಎರಡು ಸಲ ಮುಚ್ಚುವುದೆಂದರೆ ಸದಸ್ಯರು ಸುಮ್ಮನಿರುವುದಿಲ್ಲ. ಅರ್ಧರ್ಧ ಟೀಯನ್ನು ಮಾಡಲು ಬರುವುದಿಲ್ಲವೇ? ಒಂದು ಭಾಗ ಮಾಯುವವರೆಗೆ ಇನ್ನೊಂದು ಭಾಗದಲ್ಲಿ ಆಡುತ್ತೇವೆ.

ಹೊಸೂರಿನ ಹುಲ್ಲುಹಾಸು

ಬರುತ್ತದೆ, ಮತ್ತು ಇದು ನನಗೆ ಹೊಳೆದಿರಲಿಲ್ಲ. ಆದರೆ ತೆರೆದಿರುವ ಅರ್ಧಕ್ಕೆ ಎರಡರಷ್ಟು ತುಳಿತ ಬೀಳುತ್ತದೆ. ಹಿಂದಿನ ಸಾಲಿನಲ್ಲಿ ಮ್ಯಾಟುಗಳನ್ನು ಹಾಸಿ, ವಾರದ ಮೊದಲ ದಿನಗಳಲ್ಲಿ ಎಲ್ಲರೂ ಅವುಗಳ ಮೇಲೇ ಆಡಬೇಕೆಂದು ನಿಯಮ ಮಾಡಿದರೆ ನಡೆಯಬಹುದು. ಆಟಗಾರರಿಂದ ನನಗೆ ಇನ್ನೊಂದು ಸಹಾಯ ಬೇಕು ಸರ್. ಹುಲ್ಲಿನ ಮೇಲೆ ಹೊಡೆಯುವಾಗ ಚೆಂಡನ್ನು ಅಲ್ಲೊಂದು ಇಲ್ಲೊಂದು ಇಡದೆ, ಹಿಂದಿನ ಹೊಡೆತದಲ್ಲಿ ಹುಲ್ಲು ಕಿತ್ತ ಜಾಗದ ತುಸು ಹಿಂದೆಯೇ ಇಟ್ಟು ಒಂದೇ ಗೆರೆಯಲ್ಲಿ ಬಂದರೆ, ಗೆರೆಗಳ ನಡುವೆ ಜೀವಂತ ಹುಲ್ಲು ಉಳಿದು ಎರಡೂ ಕಡೆಯಿಂದ ಬಳ್ಳಿ ಚಾಚಿ ಮುಚ್ಚಿಕೊಳ್ಳುತ್ತದೆ. ಟಿಫ್‌ವೇ ಬೀಜ ಕಟ್ಟದ ತಳಿ, ಕಿತ್ತ ಜಾಗಕ್ಕೆ ಬೀಜ ಚೆಲ್ಲಿ ತುಂಬಲು ನನಗೆ ದಾರಿಯಿಲ್ಲ.

ಬಾಗಲೂರಿನ ಆಟಗಾರ

ಇದನ್ನು ಇಷ್ಟು ವರ್ಷ ಯಾರೂ ನಮಗೆ ಹೇಳಿಲ್ಲ. ಫಲಕದಲ್ಲಿ ಚಿತ್ರ ಸಮೇತ ಹಾಕಿಸಿ, ನಮ್ಮ ಬೆಳಗಿನ ಗುಂಪಿಗೆ ನಾನೇ ಹೇಳುತ್ತೇನೆ.

ಪೆರ್ಲದ ಮಾಷ್ಟ್ರು

ಎರೆಹುಳುಗಳನ್ನು ಯಾರೂ ನೆನೆಯಲಿಲ್ಲ. ಮಳೆ ಹಿಡಿದ ಮೇಲೆ ಅವು ಬಂದರೆ ಔಷಧಿ ಹೊಡೆಯಬೇಡಿ. ಗ್ರೀನಿನ ಮೇಲೆ ಅವುಗಳ ಹಿಕ್ಕೆ ಚೆಂಡಿನ ಓಟಕ್ಕೆ ಅಡ್ಡಿಯಾಗಬಹುದು, ಟೀಯ ಮೇಲೆ ಗುಡಿಸಿದರೆ ಆಯಿತು.

ಹೊಸೂರಿನ ಹುಲ್ಲುಹಾಸು

ಹೊಡೆಯುವುದಿಲ್ಲ ಮಾಷ್ಟ್ರೇ. ವ್ಯವಸ್ಥಾಪಕರು ಗುಂಡಿಯನ್ನು ನೋಡಿದರು, ವಾಸನೆಯನ್ನೂ ನೋಡಿದರು. ಎಡ ಅರ್ಧಕ್ಕೆ ಮೇ ತಿಂಗಳಲ್ಲಿ ಯಂತ್ರ ತರಿಸಲು ಒಪ್ಪಿದ್ದಾರೆ. ಬಲ ಅರ್ಧ ಅದರ ಫಲ ನೋಡಿಕೊಂಡು. ಯಂತ್ರ ಹೋದ ಮೇಲೆ ಗೊಬ್ಬರ ಎಷ್ಟು ಕೊಡಲಿ?

ಕೂನೂರಿನ ಚಳಿ

ಚದರ ಮೀಟರಿಗೆ ಎರಡೂವರೆ ಗ್ರಾಂ ಸಾರಜನಕ ಸಾಕು. ಅರ್ಧ ಟೀಗೆ ಮೂರು ಕಿಲೋಗಿಂತ ಸ್ವಲ್ಪ ಹೆಚ್ಚು ಯೂರಿಯಾ, ಹಾಕಿದ ಕೂಡಲೇ ನೀರು ಹಾಯಿಸಿ. ಮರಳು ಒಣಗಿರುವಾಗಲೇ ಹರಡಿ ಬ್ರಶ್ಶಿನಿಂದ ತೂತುಗಳಿಗೆ ಎಳೆಯಿರಿ, ಹಸಿ ಮರಳು ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಮುಖ್ಯವಾಗಿ, ಯಂತ್ರ ಬರುವ ಹಿಂದಿನ ದಿನ ಪ್ರತಿ ಸ್ಪ್ರಿಂಕ್ಲರ್ ತಲೆಗೂ ವಾಲ್ವ್ ಪೆಟ್ಟಿಗೆಗೂ ಬಾವುಟ ನೆಡಿಸಿ, ಪೈಪಿನ ಗೆರೆಯನ್ನು ಸುಣ್ಣದಲ್ಲಿ ಎಳೆಸಿ. ಪೈಪು ಹತ್ತು ಸೆಂಟಿಮೀಟರಿಗಿಂತ ಮೇಲಿರುವ ಕಡೆ ಫೋರ್ಕನ್ನೇ ಬಳಸಿ.